ಈ ಸಲವೂ ಆಗಲಿಲ್ಲ

ಫೋನ್ ಕೆಳಗಿಡುವಷ್ಟರಲ್ಲಿ ಮನೆಯೊಡತಿ ಎಲೋಯ್ಸಾ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು.

"ಮತ್ತೆ ಆ ಹೆಂಗಸೇನಾ?"

ನೀವೆಸ್ ಹೌದೆಂದು ತಲೆಯಾಡಿಸಿದಳು.

"ಕೆಲಸ ಇಲ್ಲ ಅನ್ನೋರು ಒಂದ್ಸಲ ಹೇಳಿ ಸುಮ್ಮನಾಗ್ತಾರೆ. ಇವಳ್ಯಾಕೆ ಪದೇ ಪದೇ ಫೋನ್ ಮಾಡಿ ಊಟ ಆಯ್ತಾ, ಜ್ವರ ಬಿಡ್ತಾ ಅಂತ ವಿಚಾರಿಸ್ತಾಳೆ? ಒಂಟಿ ಹುಡುಗಿ ನೀನು. ಹುಷಾರಾಗಿರಮ್ಮ."

ನೀವೆಸ್ ಫೋನನ್ನು ಚಾರ್ಜಿಗೆ ಹಾಕಿದಳು. ಈ ಗ್ವಾಯಾಕಿಲ್ ಪಟ್ಟಣದಲ್ಲಿ ತನ್ನ ಊಟ ವಿಚಾರಿಸುವವಳು ಅವಳೊಬ್ಬಳೇ ಎಂದರೆ ಎಲೋಯ್ಸಾ ನೊಂದುಕೊಳ್ಳುತ್ತಿದ್ದಳು.

ಗುಡ್ಡದ ಮೇಲಿನ ಚಳಿಯೂರು ಗ್ವಾರಾಂದಾದಿಂದ ಓದಲು ಬಂದವಳು ನೀವೆಸ್. ಆಡಳಿತ ವಿಷಯದಲ್ಲಿ ಪದವಿ ಮುಗಿದಿತ್ತು. ಗೆಳತಿಯರಲ್ಲಿ ಒಬ್ಬಳು ಸ್ಪೇನಿಗೆ ಹಾರಿದ್ದಳು, ಇನ್ನೊಬ್ಬಳು ಮದುವೆಯಾಗಿದ್ದಳು, ಉಳಿದವರು ಉತ್ತರಿಸುವುದನ್ನೇ ಬಿಟ್ಟಿದ್ದರು. ಬೆಳಗ್ಗೆ ಬೆನ್ನಿಗಂಟುವ ಅಂಗಿಯಲ್ಲಿ ಆಫೀಸಿನಿಂದ ಆಫೀಸಿಗೆ ಅಲೆಯುವುದು. ಸಂಜೆ ಗಾಡಿಯ ಮುಂದೆ ನಿಂತೇ ಬಾಳೆಕಾಯಿಯ ಬೊಲೋನ್ ಉಂಡೆ ತಿನ್ನುವುದು. ನಾಲ್ಕು ಕುರ್ಚಿಯ ಮೇಜಿನಲ್ಲಿ ಒಬ್ಬಳೇ ಕೂರುವುದು ಅವಳಿಂದ ಆಗುತ್ತಿರಲಿಲ್ಲ. ಕೆಲವು ದಿನ ಅವಳು ಬಾಯಿ ಬಿಟ್ಟು ಆಡಿದ ಮಾತೆಂದರೆ ಬಸ್ಸಿನಲ್ಲಿ "ಸ್ವಲ್ಪ ದಾರಿ ಬಿಡಿ" ಎಂದದ್ದು ಮಾತ್ರ.

ಏಪ್ರಿಲ್‌ನಲ್ಲಿ ಬಂದರಿನ ಹತ್ತಿರದ ಒಂದು ಸೀಗಡಿ ರಫ್ತು ಕಂಪನಿ ಸಂದರ್ಶನಕ್ಕೆ ಕರೆದಿತ್ತು. ಆಫೀಸ್ ಸಹಾಯಕಿಯ ಕೆಲಸ. ಆಫೀಸಿನ ಪತ್ರ, ನೇಮಕ ಎಲ್ಲ ನೋಡಿಕೊಳ್ಳುವ ಸೊರೈದಾ ಎಂಬ ಐವತ್ತರ ಹೆಂಗಸು ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿಕೊಂಡು ಪತ್ರ ಟೈಪ್ ಮಾಡಿಸಿದಳು, ಸಿಡುಕುವ ಗಿರಾಕಿಯಂತೆ ಮಾತಾಡಿ ಪರೀಕ್ಷಿಸಿದಳು. ನೀವೆಸ್ ಎಲ್ಲೂ ತಡವರಿಸಲಿಲ್ಲ. ಕೊನೆಗೆ ಸೊರೈದಾ ಅವಳನ್ನೇ ನೋಡುತ್ತ ಕೂತಳು. ತಾನೇ ಎದ್ದು ನೀರು ತಂದುಕೊಟ್ಟಳು.

"ಚೆನ್ನಾಗಿ ಮಾಡ್ದೆ ಮಗಳೇ," ಎಂದಳು. "ಅಗತ್ಯಕ್ಕಿಂತ ಚೆನ್ನಾಗೇ ಮಾಡ್ದೆ."

ಮುಂದಿನ ವಾರ ಫೋನ್ ಬಂತು. ಈ ಸಲ ಆಗಲಿಲ್ಲವಂತೆ. ಮರುತಿಂಗಳು ಅದೇ ಜಾಹೀರಾತು ಮತ್ತೆ ಕಾಣಿಸಿತು. ನೀವೆಸ್ ಮತ್ತೆ ಅರ್ಜಿ ಹಾಕಿದಳು. ಮತ್ತೆ ಸೊರೈದಾಳ ಫೋನು: ಈ ಸಲವೂ ಆಗಲಿಲ್ಲ, ಇಲ್ಲಿಯವರಿಗೆ ಯಾರೂ ಹಿಡಿಸುತ್ತಿಲ್ಲ. ಅದರ ಮುಂದಿನ ತಿಂಗಳೂ ಹಾಗೇ ಆಯಿತು.

ಆದರೆ ನಡುನಡುವೆ ಕಾರಣವಿಲ್ಲದೆಯೂ ಅವಳ ಫೋನು ಬರತೊಡಗಿತು. ಬೇರೆ ಯಾವ ಕಂಪನಿಯಲ್ಲಿ ಜಾಗ ಖಾಲಿಯಿದೆ, ಅಲ್ಲಿ ಹೇಗೆ ಮಾತಾಡಬೇಕು ಎಂದು ಹೇಳಿಕೊಡುತ್ತಿದ್ದಳು. ನೀವೆಸ್‌ಗೆ ಡೆಂಗಿ ಬಂದಾಗ ಗಂಜಿ ಕುಡಿದು ಮುಗಿಸುವವರೆಗೂ ಫೋನ್ ಇಡಲಿಲ್ಲ. ಒಮ್ಮೆ ನೀವೆಸ್ ಅವಳ ಮನೆಯ ವಿಷಯ ಕೇಳಿದಳು. ಗಂಡ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದಾನೆ, ಮಗಳಿನ್ನೂ ಶಾಲೆಯಲ್ಲಿದ್ದಾಳೆ. ಅಷ್ಟು ಹೇಳಿ ಸೊರೈದಾ ಮಾತು ತಿರುಗಿಸಿಬಿಟ್ಟಳು.

ಎಲೋಯ್ಸಾಗೆ ಇದೆಲ್ಲ ನಾಟಕವೆಂದೇ ಅನಿಸುತ್ತಿತ್ತು. ಪಕ್ಕದ ಬೀದಿಯ ಹುಡುಗಿಯೊಬ್ಬಳು ಹೀಗೇ ಫೋನಿನ ಮಾತಿಗೆ ಮರುಳಾಗಿ ಮೋಸಹೋದ ಕಥೆಯನ್ನು ದಿನಕ್ಕೊಂದು ಬಗೆಯಲ್ಲಿ ಹೇಳುತ್ತಿದ್ದಳು. ಒಳ್ಳೆಯವರು ಇಷ್ಟು ಒಳ್ಳೆಯವರಾಗಿರುವುದಿಲ್ಲ ಎಂಬುದು ಅವಳ ವಾದ.

ಸೆಪ್ಟೆಂಬರ್‌ನಲ್ಲಿ ನೀವೆಸ್ ಬಟ್ಟೆಬರೆ ಕಟ್ಟಿದಳು. ಸೊರೈದಾಳ ಫೋನ್ ಬಂದಾಗ ಅದನ್ನೇ ಹೇಳಿದಳು.

"ಇನ್ಮೇಲೆ ಫೋನ್ ಮಾಡ್ಬೇಡಿ ಮೇಡಂ. ಶನಿವಾರ ಊರಿಗೆ ಹೋಗ್ತಿದ್ದೀನಿ. ಇಷ್ಟು ಸಲ ಬೇಡ ಅನ್ನಿಸ್ಕೊಂಡ್ಮೇಲೆ ಗೊತ್ತಾಯ್ತು, ನಾನು ಯಾವುದಕ್ಕೂ ಲಾಯಕ್ಕಿಲ್ಲ."

ಆ ಕಡೆ ಹಿನ್ನೆಲೆಯಲ್ಲಿ ಯಾರೋ ಕೆಮ್ಮುತ್ತಿದ್ದರು.

"ಹಾಗೆ ಮಾತ್ರ ಅನ್ಬೇಡ," ಎಂದಳು ಸೊರೈದಾ. ಊಟದ ವಿಷಯ ಕೇಳದೆ ಫೋನ್ ಇಟ್ಟದ್ದು ಅದೇ ಮೊದಲು.

ಶುಕ್ರವಾರ ಮತ್ತೆ ಅವಳ ಫೋನು. ಸೋಮವಾರ ಬಾ, ಕೆಲಸ ನಿನ್ನದು ಎಂದಳು. ನೀವೆಸ್ ಅತ್ತೇಬಿಟ್ಟಳು. ಮೊದಲ ದಿನ ಮಧ್ಯಾಹ್ನ ಜೊತೆಗೇ ಊಟ ಮಾಡೋಣ, ನಾನೇ ಅಡುಗೆ ಮಾಡಿ ತರುತ್ತೇನೆ ಎಂದಳು. ಸೊರೈದಾ ಅದಕ್ಕೆ ಏನೂ ಹೇಳಲಿಲ್ಲ.

"ಸ್ವೆಟರ್ ತಂದ್ಕೋ ಮಗಳೇ," ಎಂದಳು ಕೊನೆಗೆ. "ಆ ಕುರ್ಚೀಲಿ ಕೂತ್ರೆ ಎಸಿ ಗಾಳಿ ನೇರ ಬೆನ್ನಿಗೆ ಬಡಿಯುತ್ತೆ."

ಸೋಮವಾರ ಎಲೋಯ್ಸಾ ಹಟ ಮಾಡಿ ಕಂಪನಿಯ ಗೇಟಿನವರೆಗೂ ಬಂದಳು. ಕಾವಲುಗಾರ ಹೆಸರು ಕೇಳಿ ಒಳಗೆ ವಿಚಾರಿಸಿದ. ನೀವೆಸ್ ಚಿಂಬೊ, ಹೌದು, ಇವತ್ತಿನಿಂದ ಕೆಲಸ, ಒಳಗೆ ಹೋಗಿ ಎಂದ. ಎಲೋಯ್ಸಾ ಪೆಚ್ಚಾದಳು. ಆ ಪುಣ್ಯಾತ್ಗಿತ್ತಿಯನ್ನು ಸುಮ್ಮನೆ ಅನುಮಾನಿಸಿದೆ, ನನ್ನ ನಮಸ್ಕಾರ ಹೇಳು ಎಂದು ಹುಡುಗಿಯ ಹಣೆಗೆ ಮುತ್ತಿಟ್ಟು ಬಸ್ ಹತ್ತಿದಳು.

ವ್ಯವಸ್ಥಾಪಕ ಬಾಕೆರಿಸೊ ಕಿಟಕಿ ಪಕ್ಕದ ಮೇಜು ತೋರಿಸಿದ. ಒರೆಸಿ ಇಟ್ಟ ಮೇಜು. ನೀವೆಸ್ ಬುತ್ತಿಚೀಲ ಕೈಯಲ್ಲೇ ಹಿಡಿದುಕೊಂಡು ಸುತ್ತ ಕಣ್ಣಾಡಿಸಿದಳು. ಸೊರೈದಾ ಮೇಡಂ ಎಲ್ಲಿ ಕೂರುತ್ತಾರೆ ಎಂದು ಕೇಳಿದಳು.

"ಇಲ್ಲೇ ಕೂರ್ತಿದ್ರು. ನಿಮಗೆ ಹೇಳ್ಲಿಲ್ವಾ?" ಬಾಕೆರಿಸೊ ಕುರ್ಚಿ ಎಳೆದುಕೊಟ್ಟ. "ನಿಮ್ಮ ಜಾಗಕ್ಕೆ ಕಡಿಮೆ ಸಂಬಳದ ಹೊಸಬರೊಬ್ಬರನ್ನ ನೀವೇ ಹುಡುಕಿಕೊಟ್ಟು ಹೊರಡಿ ಅಂತ ಅವರಿಗೆ ಏಪ್ರಿಲ್‌ನಲ್ಲೇ ಹೇಳಿದ್ದೆ. ಪ್ರತಿ ತಿಂಗಳೂ ಅವರದು ಅದೇ ಮಾತು, ಬಂದವರಲ್ಲಿ ಒಬ್ಬರೂ ಲಾಯಕ್ಕಿಲ್ಲ ಅಂತ."

ಅವನು ನಕ್ಕ.

"ನೀವು ಮೊದಲೇ ಅರ್ಜಿ ಹಾಕ್ಬೇಕಿತ್ತು."