ಇಳಿಜಾರಿನಲ್ಲಿ ಮಗಳು ಹೇಳಿದ್ದು

ಕೊಳ್ಳೇಗಾಲದ ಗುರುಮಲ್ಲಪ್ಪನವರು ರೇಷ್ಮೆ ಸೀರೆ ವ್ಯಾಪಾರಿ. ಇಪ್ಪತ್ತೆರಡು ವರ್ಷದಿಂದ ಕಾರು ಓಡಿಸುತ್ತಿದ್ದವರು... ಒಂದು ಸಲವೂ ಎಲ್ಲೂ ತಾಗಿಸಿದವರಲ್ಲ.

ಅವರ ಮಗಳು ಸಿಂಚನಾ ಒಂಬತ್ತನೇ ಕ್ಲಾಸು. ಅವಳ ಹೈಸ್ಕೂಲಿನಲ್ಲಿ ಆ ವರ್ಷ ಎರಡು ಹೊಸ ವಿಷಯ ಶುರುವಾದವು. ಒಂದು ಬ್ಯೂಟಿಷಿಯನ್ ತರಬೇತಿ, ಇನ್ನೊಂದು ಆಟೊಮೊಬೈಲ್.

ಹುಡುಗಿಯರೆಲ್ಲ ಮೊದಲನೆಯದಕ್ಕೆ ಹೆಸರು ಕೊಟ್ಟರು. ಸಿಂಚನಾ ಒಬ್ಬಳೇ ಎರಡನೆಯದಕ್ಕೆ!

ಮರುದಿನವೇ ಗುರುಮಲ್ಲಪ್ಪನವರು ಶಾಲೆಗೆ ಹೋದರು. ಪಾಠ ಮಾಡುವ ರುಬೀನಾ ಮೇಡಂ ಒಂದು ಹಳೇ ಕಾರಿನ ಬಾನೆಟ್ ಎತ್ತಿ, ಎಂಜಿನ್ ಆಯಿಲ್ ನೋಡುವುದು ಹೇಗೆಂದು ಮಕ್ಕಳಿಗೆ ತೋರಿಸುತ್ತಿದ್ದರು.

"ಏನ್ ಮೇಡಂ, ನನ್ ಮಗಳನ್ನ ಗ್ಯಾರೇಜಿಗೆ ಕಳ್ಸೋಕೆ ಓದಿಸ್ತಿದ್ದೀನಾ ನಾನು?"

ಮೇಡಂ ಕೈ ಒರೆಸಿಕೊಂಡು ನಕ್ಕರು.

"ಗ್ಯಾರೇಜಿಗಲ್ಲ ಸಾರ್. ನಾಳೆ ಅವ್ಳೂ ಗಾಡಿ ಓಡಿಸ್ತಾಳಲ್ವಾ? ತಾನು ಕೂತಿರೋ ಗಾಡಿ ಹೆಂಗೆ ನಡೆಯುತ್ತೆ ಅಂತ ಗೊತ್ತಿರ್ಲಿ. ಒಂದು ವರ್ಷ ನೋಡಿ... ಬೇಡ ಅನ್ಸಿದ್ರೆ ಬಿಡಿಸಿ."

ಮಗಳ ಮುಖ ನೋಡಿ ಒಪ್ಪಿಕೊಂಡರು... ಅರ್ಧ ಮನಸ್ಸಿನಿಂದ.

ಎಂಟು ತಿಂಗಳು ಕಳೆಯಿತು.

ಒಂದು ಭಾನುವಾರ ಮನೆಮಂದಿಯೆಲ್ಲ ಮಹದೇಶ್ವರ ಬೆಟ್ಟಕ್ಕೆ ಹೋದರು. ದರ್ಶನವಾಯಿತು, ಊಟವಾಯಿತು. ಮಧ್ಯಾಹ್ನ ಬೆಟ್ಟ ಇಳಿಯಲು ಹೊರಟರು. ಹಿಂದಿನ ಸೀಟಿನಲ್ಲಿ ಹೆಂಡತಿ ಮಂಗಳಾ ಮತ್ತು ಗುರುಮಲ್ಲಪ್ಪನವರ ತಾಯಿ. ಮುಂದೆ ಅಪ್ಪನ ಪಕ್ಕದಲ್ಲಿ ಸಿಂಚನಾ.

ಇಳಿಜಾರು ಶುರುವಾಗುತ್ತಿದ್ದಂತೆ ಗುರುಮಲ್ಲಪ್ಪನವರು ಗೇರನ್ನು ನ್ಯೂಟ್ರಲ್ಲಿಗೆ ತಂದರು.

"ಅಪ್ಪಾಜಿ, ನ್ಯೂಟ್ರಲ್ ಬೇಡ. ಸೆಕೆಂಡ್ ಗೇರಲ್ಲಿ ಇಳೀರಿ. ಬರೀ ಬ್ರೇಕ್ ಮೇಲೆ ಇಳಿದ್ರೆ ಬ್ರೇಕ್ ಕಾದು ಹಿಡಿಯಲ್ಲ."

"ನೀನ್ ಹುಟ್ಟೋಕ್ ಮುಂಚೆಯಿಂದ ಹಿಂಗೇ ಇಳೀತಿದ್ದೀನಿ ಕಣಮ್ಮ. ಪೆಟ್ರೋಲೂ ಉಳಿಯುತ್ತೆ. ಸುಮ್ನೆ ಕೂತ್ಕೋ."

ಹಿಂದೆ ಕೂತಿದ್ದ ಅಜ್ಜಿ ನಕ್ಕರು.

ಒಂದು ತಿರುವು... ಎರಡು... ಮೂರು... ಪ್ರತಿ ತಿರುವಿನಲ್ಲೂ ಬ್ರೇಕ್.

ಐದನೇ ತಿರುವು ದಾಟುವ ಹೊತ್ತಿಗೆ ಏನೋ ಸುಟ್ಟ ವಾಸನೆ. ಮುಂದೆ ಮತ್ತೊಂದು ತಿರುವು ಕಂಡಿತು. ಗುರುಮಲ್ಲಪ್ಪನವರು ಬ್ರೇಕ್ ಒತ್ತಿದರು...

ಪೆಡಲ್ ಮೆತ್ತಗೆ ತಳಕ್ಕೆ ಹೋಯಿತು. ಕಾರು ನಿಧಾನವಾಗಲಿಲ್ಲ!

ಒಂದು ಕಡೆ ಬಂಡೆ. ಇನ್ನೊಂದು ಕಡೆ ಕಣಿವೆ.

"ಬ್ರೇಕ್... ಹಿಡೀತಿಲ್ಲ..." ಅಂದರು. ಅದು ತಮ್ಮದೇ ದನಿ ಎಂದು ಅವರಿಗೇ ಅನಿಸಲಿಲ್ಲ. ಎಂಜಿನ್ ಆಫ್ ಮಾಡೋಣವೆಂದು ಕೈ ಕೀಲಿಯ ಕಡೆ ಹೋಯಿತು.

"ಕೀ ಮುಟ್ಬೇಡಿ ಅಪ್ಪಾಜಿ! ಸ್ಟೇರಿಂಗ್ ಬಿಗಿ ಆಗೋಗುತ್ತೆ!"

ಕೈ ಹಿಂದಕ್ಕೆ ಬಂತು.

"ಕ್ಲಚ್ ಒತ್ತಿ. ಥರ್ಡ್ ಹಾಕಿ. ಹಾಕಿದ್ರಾ? ಕ್ಲಚ್ ನಿಧಾನಕ್ಕೆ ಬಿಡಿ."

ಎಂಜಿನ್ ಜೋರಾಗಿ ಗುರುಗುಟ್ಟಿತು. ಯಾರೋ ಹಿಂದಿನಿಂದ ಹಿಡಿದೆಳೆದಂತೆ ವೇಗ ತುಸು ತಗ್ಗಿತು. ತಿರುವಿನಲ್ಲಿ ಟೈರುಗಳು ಕಿರುಚಿದವು... ಆದರೂ ಕಾರು ತಿರುಗಿತು. ಹಿಂದೆ ಅಜ್ಜಿ "ಮಾದಪ್ಪಾ... ಮಾದಪ್ಪಾ..." ಅನ್ನುತ್ತಿದ್ದರು.

"ಈಗ ಸೆಕೆಂಡ್! ಹಾರ್ನ್ ಒತ್ತಾನೇ ಇರಿ. ಹ್ಯಾಂಡ್ ಬ್ರೇಕ್ ನಾನು ನೋಡ್ಕೊಳ್ತೀನಿ. ನೀವು ರಸ್ತೆ ನೋಡಿ."

ಅವಳು ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದು, ಒಮ್ಮೆಲೇ ಎಳೆಯದೆ, ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಬಂದಳು.

ಇಪ್ಪತ್ತೆರಡು ವರ್ಷ ಕಾರು ಓಡಿಸಿದ ಮನುಷ್ಯ, ಹದಿನಾಲ್ಕು ವರ್ಷದ ಮಗಳು ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಮಾಡುತ್ತಾ ಹೋದರು...

ಬಂಡೆಯ ಪಕ್ಕದಲ್ಲಿ, ರಸ್ತೆ ಕೆಲಸಕ್ಕೆಂದು ಸುರಿದಿದ್ದ ಜಲ್ಲಿಯ ರಾಶಿ ಕಂಡಿತು.

"ಅದರ ಮೇಲೆ ಹತ್ತಿಸಿ ಅಪ್ಪಾಜಿ!"

ಮುಂದಿನ ಚಕ್ರಗಳು ಜಲ್ಲಿಯೊಳಗೆ ಹೂತುಕೊಂಡವು. ಕಾರು ಒಮ್ಮೆ ಕುಲುಕಿ... ನಿಂತಿತು.

ಯಾರಿಗೂ ಒಂದು ತರಚು ಗಾಯವೂ ಇಲ್ಲ.

ಸಿಂಚನಾ ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟಳು. ಅಜ್ಜಿಯನ್ನು ಇಳಿಸಿ ನೆರಳಲ್ಲಿ ಕೂರಿಸಿದಳು. ಆಮೇಲೆ ಬಂದು ಅಪ್ಪನ ಬಾಗಿಲು ತೆಗೆದಳು.

"ಇಳೀರಿ ಅಪ್ಪಾಜಿ. ಗಾಡಿ ಇನ್ನೆಲ್ಲೂ ಹೋಗಲ್ಲ. ಬ್ರೇಕ್ ತಾನಾಗೇ ತಣ್ಣಗಾಗ್ಲಿ. ಮೆಕ್ಯಾನಿಕ್ ಬಂದು ನೋಡೋವರ್ಗೂ ಓಡಿಸೋದು ಬೇಡ."

ಗುರುಮಲ್ಲಪ್ಪನವರು ಹೇಗೋ ಇಳಿದು ಒಂದು ಕಲ್ಲಿನ ಮೇಲೆ ಕುಸಿದು ಕೂತರು. ಮಗಳ ಕಡೆ ತಿರುಗಿದರು.

"ನಿಂಗೆ ಭಯ ಆಗ್ಲಿಲ್ವಾ ಮಗಾ?"

"ತುಂಬಾ ಆಯ್ತು ಅಪ್ಪಾಜಿ. ಈಗ್ಲೂ ಆಗ್ತಿದೆ ನೋಡಿ..."

ಅವಳು ಎರಡೂ ಅಂಗೈ ಮುಂದೆ ಚಾಚಿದಳು. ಅವು ಗಡಗಡ ನಡುಗುತ್ತಿದ್ದವು.

"ಆದ್ರೆ ಏನ್ ಮಾಡ್ಬೇಕು ಅಂತ ಗೊತ್ತಿತ್ತಲ್ಲ. ರುಬೀನಾ ಮೇಡಂ ಇದನ್ನ ನಮ್ ಬಾಯಲ್ಲಿ ಇಪ್ಪತ್ತು ಸಲ ಹೇಳ್ಸಿದ್ದಾರೆ."

ಗುರುಮಲ್ಲಪ್ಪನವರು ಆ ಪುಟ್ಟ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು... ಮಗುವಿನಂತೆ ಅತ್ತುಬಿಟ್ಟರು. ಗಂಡ ಅತ್ತಿದ್ದನ್ನು ಮಂಗಳಾ ನೋಡಿದ್ದು ಅದೇ ಮೊದಲು.

ಆಮೇಲೆ ಮಗಳಿಂದ ನಂಬರ್ ಇಸಿದುಕೊಂಡು ಫೋನ್ ಮಾಡಿದರು.

"ಮೇಡಂ... ನಾನು ಸಿಂಚನಾ ಅಪ್ಪ..."

ಅಷ್ಟೇ. ಮುಂದೆ ಮಾತು ಹೊರಡಲಿಲ್ಲ.

ಆ ಕಡೆ ಮೇಡಂ ಗಾಬರಿಯಾದರು. "ಸಾರ್? ಯಾಕ್ ಸಾರ್, ಏನಾಯ್ತು? ಸಿಂಚನಾ ಹುಷಾರಾಗಿದ್ದಾಳಾ?"

ಗುರುಮಲ್ಲಪ್ಪನವರು ಕಣ್ಣೊರೆಸಿಕೊಂಡರು.

"ಅವಳು ಹುಷಾರಾಗಿದ್ದಾಳೆ ಮೇಡಂ... ಅವಳಿಂದ ನಾವೆಲ್ಲಾ ಹುಷಾರಾಗಿದ್ದೀವಿ."

ಭಯ ಎಲ್ಲರಿಗೂ ಆಗುತ್ತದೆ... ಆ ಗಳಿಗೆಯಲ್ಲಿ ನಮ್ಮನ್ನು ದಡ ಸೇರಿಸುವುದು ಕೈಯಾರೆ ಕಲಿತ ವಿದ್ಯೆ.

ನಿಮ್ಮ ಮನೆಯ ಮಕ್ಕಳು ಈ ವಾರ ಶಾಲೆಯಲ್ಲಿ ಏನು ಕಲಿತರು... ಪಕ್ಕದಲ್ಲಿ ಕೂತು ಒಮ್ಮೆಯಾದರೂ ಕೇಳಿದಿರಾ?