ಆ ಕಡೆಯ ಹೂಂ

ಸೋಲದೇವನಹಳ್ಳಿಯ ಕಾಲೇಜಿನ ಪರದೆಯ ಮೇಲೆ ನವಿಲಿಗೆ ಎರಡು ಕತ್ತು ಮೂಡಿದ್ದವು. "ಹಳೇ ಚಿತ್ರ ಪೂರ್ತಿ ಬರೋಕ್ಮುಂಚೆನೇ ಹೊಸದು ಬಂದು ಮೈಮೇಲೆ ಬೀಳ್ತಿದೆ ಕಣೇ," ಎಂದು ಸಹಪಾಠಿ ಗಿರಿ ಅಲ್ಲಿಂದ ಫೋನಿನಲ್ಲಿ ಹೇಳಿದ. ಕೊಡಿಗೇಹಳ್ಳಿಯ ಮನೆಯ ಕಂಪ್ಯೂಟರಿನಿಂದ ಆ ಕುಣಿಯುವ ನವಿಲನ್ನು ಒಂದೊಂದೇ ಚಿತ್ರವಾಗಿ ಕಳಿಸುತ್ತಿದ್ದವಳು ಜ್ಯೋತಿಲಕ್ಷ್ಮಿ.

ಪಕ್ಕದಲ್ಲಿ ಅಜ್ಜಿ ಮುನಿಕೃಷ್ಣಮ್ಮ ಕಥೆ ಹೇಳುತ್ತಿದ್ದಳು. ಮನೆಯವರ ಹೆಸರುಗಳನ್ನೂ ಮರೆತಿದ್ದ ಅವಳಲ್ಲಿ ಉಳಿದಿದ್ದು ಇದೊಂದೇ ಕಥೆ. ಅದರಲ್ಲಿ ಒಬ್ಬ ಹುಡುಗಿ ದೀಪ ಹಿಡಿದು ಕೆರೆಯ ನೀರೊಳಗಿನ ಮೆಟ್ಟಿಲು ಇಳಿಯುತ್ತಾಳೆ. ಇಲ್ಲದ ದೀಪವೊಂದನ್ನು ಹಿಡಿದಂತೆ ಅಜ್ಜಿಯೂ ಕೈಯೆತ್ತಿದ್ದಳು. "ನೀನು ಊಂ ಅಂದ್ರೇನೇ ಅವ್ಳು ಇನ್ನೊಂದು ಮೆಟ್ಲು ಇಳಿಯೋದು ಕಣವ್ವ."

ಜ್ಯೋತಿಯ ಬೆರಳು ಕೀಲಿಮಣೆಯ ಮೇಲೆ ತಡೆದು ನಿಂತಿತು. "ಗಿರಿ, ಸುಮ್ನೆ ಕಳಿಸ್ತಾ ಹೋಗ್ಬಾರ್ದು. ಒಂದು ಚಿತ್ರ ಕಳ್ಸಿ ಕಾಯ್ಬೇಕು. ನಿನ್ನ ಕಂಪ್ಯೂಟರ್ ಹೂಂ ಅಂದ್ಮೇಲೇ ಇನ್ನೊಂದು." ಹಾಗೆಯೇ ಪ್ರೋಗ್ರಾಮಿನ ನಾಲ್ಕು ಸಾಲು ತಿದ್ದಿದಳು. ದೂರದ ಪರದೆಯಲ್ಲಿ ಒಂದೇ ಕತ್ತಿನ ನವಿಲು, ನಿದ್ದೆಯಲ್ಲಿ ಮಗ್ಗುಲಾಗುವ ಹಾಗೆ, ನಿಧಾನವಾಗಿ ಗರಿ ಬಿಚ್ಚಿತು. "ಬಂತು ಕಣೇ!" ಎಂದು ಗಿರಿ ಕೂಗಿದ.

ಆಗಷ್ಟೇ ಅವಳಿಗೆ ಮನೆಯ ಮೌನ ಕೇಳಿಸಿದ್ದು. ತಿರುಗಿ ನೋಡಿದರೆ ಅಜ್ಜಿ ಎತ್ತಿದ ಕೈ ಎತ್ತಿದ ಹಾಗೇ, ಇವಳ ತುಟಿಯನ್ನೇ ನೋಡುತ್ತ ಕೂತಿದ್ದಳು. ಎಷ್ಟು ಹೊತ್ತಾಗಿತ್ತೋ.

"ಹೂಂ," ಎಂದಳು ಜ್ಯೋತಿ.

ಆ ಕೈ ಮೆಲ್ಲಗೆ ಒಂದು ಮೆಟ್ಟಿಲು ಕೆಳಗಿಳಿಯಿತು.