ಬೈಗುಳದ ಚರಿತ್ರೆ

“ಗಾಥಿಕ್ ಅನ್ನೋದು ಮೊದಲು ಬೈಗುಳ,” ಎಂದು ಮೇಷ್ಟ್ರು ಕಾದಂಬರಿ ಪಾಠಕ್ಕೆ ಪೀಠಿಕೆ ಹಾಕಿದರು. “ಚೂಪು ಕಮಾನಿನ ಚರ್ಚುಗಳನ್ನು ನೋಡಿ, ಗಾಥ್ ಅನ್ನೋ ಕಾಡುಜನರ ಕೆಲಸ ಅಂತ ಮೂಗು ಮುರಿದವರು ಇಟ್ಟ ಹೆಸರು.”

“ಮತ್ತೆ ಅದೇ ಹೊಗಳಿಕೆ ಹೇಗಾಯ್ತು ಸಾರ್?” ಎಂದಿತು ಹಿಂದಿನ ಬೆಂಚು.

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಮೊನ್ನೆ ಗೃಹಪ್ರವೇಶಕ್ಕೆ ಗಾಥಿಕ್ ಶೈಲಿಯ ಕಪ್ಪು ಗೌನು, ಕಪ್ಪು ಲಿಪ್‌ಸ್ಟಿಕ್ಕಿನಲ್ಲಿ ಬಂದ ಮಗಳನ್ನು ಅವರು ನೆಂಟರೆದುರೇ “ಮೂದೇವಿ” ಎಂದಿದ್ದರು. ಅಂದಿನಿಂದ ಅವಳು ಮಾತು ಬಿಟ್ಟಿದ್ದಳು.

ಸಂಜೆ ಅವಳ ಕೋಣೆಯ ಬಾಗಿಲು ತಟ್ಟಿದರು. “ತಪ್ಪಾಯ್ತು ಕಣಮ್ಮ. ಆ ಮಾತು ಮರೆತುಬಿಡು.”

“ಆಗಲ್ಲಪ್ಪ, ಪ್ರಿಂಟಾಗಿ ಬಂದಾಯ್ತು.”

ಅವಳು ತನ್ನ ಹೊಸ ಸಂಗೀತ ಬ್ಯಾಂಡಿನ ಪೋಸ್ಟರು ಬಿಡಿಸಿ ಹಿಡಿದಳು. ಚೂಪು ಕಮಾನಿನಡಿ ದಪ್ಪಕ್ಷರದಲ್ಲಿ ‘ಮೂದೇವಿ’ ಎಂದಿತ್ತು. ಅದರ ಕೆಳಗೆ ಸಣ್ಣದಾಗಿ, ‘ಹೆಸರಿಟ್ಟವರು: ನಮ್ಮಪ್ಪ’.